ಎದೆಯ ಫೋಟೋ

ಮೂರು ದಿನ ಲಾಕಪ್ಪಿನಲ್ಲಿಟ್ಟಿದ್ದ ಕೈದಿಯನ್ನು ಕರೆದುಕೊಂಡು ಇನ್ಸ್‌ಪೆಕ್ಟರ್ ಸಾಹೇಬರು ಖುದ್ದಾಗಿ ಪುಟ್ಟಾಚಾರಿಯ ಫೋಟೋ ಸ್ಟುಡಿಯೋ ಮೆಟ್ಟಿಲು ಹತ್ತಿದರು.

“ಇವನಿಗೆ ಹೊಡೆದಿದ್ದೀವಿ ಅಂತ ಲಾಯರು ಬೊಬ್ಬೆ ಹಾಕ್ತಿದ್ದಾನೆ. ಅಂಗಿ ಬಿಚ್ಚಿಸ್ತೀನಿ, ಎದೆ ಕಾಣೋ ಹಾಗೆ ತೆಗಿ. ಒಂದು ಗೀರಿದ್ರೆ ಕೇಳು!”

ನಿಜಕ್ಕೂ ಎದೆಯ ಮೇಲೆ ಗೀರಿರಲಿಲ್ಲ. “ಕೂತ್ಕೊಳಪ್ಪ,” ಎಂದು ಪುಟ್ಟಾಚಾರಿ ಸ್ಟೂಲು ಎಳೆದ.

“ಬೇಡ ಸ್ವಾಮಿ, ನಿಂತೇ ಇರ್ತೀನಿ.”

“ನೋಡಿದ್ಯಾ, ನನ್ನ ಮುಂದೆ ಎಷ್ಟು ಮರ್ಯಾದೆ!” ಸಾಹೇಬರು ನಕ್ಕರು.

ಅವನು ಯಾಕೆ ಕೂರಲೊಲ್ಲ ಎಂಬುದು ಪುಟ್ಟಾಚಾರಿಗೆ ಹೊಳೆಯಿತು. ಗಿರಾಕಿಗಳು ತಲೆ ಬಾಚಿಕೊಳ್ಳುವ ನಿಲುವುಗನ್ನಡಿಗೆ ಬೆನ್ನು ಮಾಡಿಸಿ, ಅವನನ್ನು ಕೊಂಚ ಓರೆಯಾಗಿ ನಿಲ್ಲಿಸಿದ.

“ನೀವೂ ಪಕ್ಕಕ್ಕೆ ಬನ್ನಿ ಸಾರ್. ಸಾಹೇಬರಿಲ್ಲದ ಫೋಟೋಗೆ ಕಳೆ ಎಲ್ಲಿ?”

ಸಾಹೇಬರು ಮೀಸೆ ತಿರುವಿ ನಿಂತರು. ಪ್ರಿಂಟು ಕೈಗೆ ಬಂದಾಗ ತಮ್ಮ ಮೀಸೆಯನ್ನೇ ಮೂರು ಸಲ ನೋಡಿಕೊಂಡು, ಹಿಂಬದಿಗೆ ಸಹಿ ಜಡಿದು, ತಾವೇ ಕೋರ್ಟಿಗೆ ಒಯ್ದರು. ಸಾಕ್ಷಿ ಹೇಳಲು ಪುಟ್ಟಾಚಾರಿಯೂ ಹೋದ.

ನ್ಯಾಯಾಧೀಶರು ಕನ್ನಡಕ ಏರಿಸಿ ಫೋಟೋ ನೋಡಿದರು.

“ಎದೆ ಚೆನ್ನಾಗಿದೆ. ನಿಮ್ಮ ಮೀಸೇನೂ ಚೆನ್ನಾಗಿದೆ. ಹಿಂದೆ ಕನ್ನಡಿಯಲ್ಲಿ ಬಾಸುಂಡೆ ಎದ್ದಿದೆಯಲ್ಲ, ಆ ಬೆನ್ನು ಯಾರದು ಇನ್ಸ್‌ಪೆಕ್ಟರೇ?”