ಏಳು ದಿನ ಓಡಿದ ಪಂಪು

ಪಂಪಿನ ಸದ್ದು ಗೇಟಿನವರೆಗೂ ಕೇಳುತ್ತಿತ್ತು. ಸರ್ವೆಯರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಜೌಗು ಭೂಮಿ ಸಂರಕ್ಷಣಾ ಕಚೇರಿಯಿಂದ ತಪಾಸಣೆಗೆ ಬರುತ್ತೇವೆಂದು ನೋಟಿಸು ಕೊಟ್ಟರೆ, ಜನ ಮೊದಲು ಮಾಡುವ ಕೆಲಸ ಇದೇ. ನೀರು ಬತ್ತಿಸುವುದು.

ಜಾಗ ಇಬ್ಬರದು. ಅಲ್ಲೇ ಮನೆ ಮಾಡಿಕೊಂಡಿರುವ ವಯಸ್ಸಾದ ಗಡಿಯಾರ ರಿಪೇರಿಯವರು ಒಬ್ಬರು, ಅವರ ಬಾಮೈದ ಇನ್ನೊಬ್ಬ. ಇದು ಜೌಗಲ್ಲವೆಂದು ಇಬ್ಬರೂ ಸೇರಿ ತಕರಾರು ಹಾಕಿದ್ದರು. ಇವತ್ತು ಆಕೆ 'ಅಲ್ಲ' ಎಂದು ಬರೆದರೆ ಸಾಕು, ಹೊಂಡ ಮುಚ್ಚಿ ಬಾಮೈದ ಗೋದಾಮು ಎಬ್ಬಿಸುತ್ತಾನೆ. ಮಣ್ಣು ತುಂಬಿದ ಲಾರಿ ಆಗಲೇ ಗೇಟಿನ ಬಳಿ ಕಾಯುತ್ತಿತ್ತು. ಹೊಂಡದಲ್ಲಿ ಒಂದು ನೀರುಕೋಳಿ ಮರಿಗಳನ್ನು ಕಟ್ಟಿಕೊಂಡು, ಇದ್ಯಾವುದರ ಗೊಡವೆಯೂ ಇಲ್ಲದೆ ಓಡಾಡುತ್ತಿತ್ತು.

"ಜಾಗ ನಮ್ಮದು ಮೇಡಂ. ಪತ್ರ ನಮ್ಮ ಹೆಸರಲ್ಲಿದೆ, ಕಪ್ಪೆ ಹೆಸರಲ್ಲಿ ಇಲ್ಲ," ಎಂದ ಬಾಮೈದ. ಮಿರಿಮಿರಿ ಮಿಂಚುವ ಬೂಟು ಕೆಸರಾದೀತೆಂದು ಅವನು ಮನೆಯ ಮೆಟ್ಟಿಲು ಬಿಟ್ಟು ಇಳಿಯಲೇ ಇಲ್ಲ. ಪಂಪು ತಂದುಕೊಟ್ಟವನು ತಾನೇ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಏಳು ದಿನದಿಂದ ಭಾವ ಬೆಳಗಿನಿಂದ ಸಂಜೆವರೆಗೆ ಓಡಿಸುತ್ತಿದ್ದಾರೆ, ಆದರೂ ಈ ಹಾಳು ನೀರು ಇಳಿಯುತ್ತಿಲ್ಲ ಎಂದು ಗೊಣಗಿದ.

ಗಡಿಯಾರದವರು ಕೆಸರುಗಾಲಲ್ಲಿ ಕೈಕಟ್ಟಿ ನಿಂತಿದ್ದರು. ಮನೆಯ ಹಿಂದೆ, ಬಾವಿಯ ಪಕ್ಕದಲ್ಲಿ ಪಂಪು. ಅದರ ಪೈಪು ಹೊಂಡದ ಜೊಂಡಿನೊಳಗೆ ಮರೆಯಾಗಿತ್ತು.

"ನೀರು ಎಲ್ಲಿಗೆ ಹೋಗುತ್ತೆ ಯಜಮಾನ್ರೇ?"

"ಹೋಗಬೇಕಾದ ಕಡೆಗೇ ಹೋಗುತ್ತೆ, ತಾಯಿ."

ಆಕೆ ಹಲ್ಲು ಕಚ್ಚಿಕೊಂಡು ಕೆಲಸಕ್ಕಿಳಿದಳು. ಪಂಪು ಎಷ್ಟು ನೀರು ಎಳೆಯುತ್ತದೋ ನೋಡೋಣವೆಂದು ನೀರಿನ ಅಂಚಿಗೆ ಸರಿಯಾಗಿ ಗುರುತಿನ ಕಡ್ಡಿ ನೆಟ್ಟಳು. ಹತ್ತು ಕಡೆ ಅಗೆದು ಮಣ್ಣು ತೆಗೆದಳು. ಎಲ್ಲ ಮುಗಿಸಿ ಬರುವಷ್ಟರಲ್ಲಿ ಕಡ್ಡಿಯ ಬುಡದಲ್ಲಿ ಅರ್ಧ ಬೆರಳು ನೀರು ನಿಂತಿತ್ತು. ಪಂಪಿಗೂ ಬಗ್ಗದ ಒರತೆ, ಭಲೇ ಎಂದುಕೊಂಡಳು.

"ಇದು ಜೌಗೇ. ಇಲ್ಲಿ ಒಂದು ಇಟ್ಟಿಗೆನೂ ಇಡೋ ಹಾಗಿಲ್ಲ," ಎಂದಳು. "ಪಂಪು ಓಡಿಸಿ ಏನೂ ಪ್ರಯೋಜನ ಇಲ್ಲ ಯಜಮಾನ್ರೇ. ನಾವು ನೀರು ನೋಡೋದೇ ಇಲ್ಲ, ಮಣ್ಣು ನೋಡ್ತೀವಿ. ಮಣ್ಣು ಹೀಗೆ ಬೂದಿ ಬಣ್ಣಕ್ಕೆ ತಿರುಗಬೇಕಾದ್ರೆ ಎಷ್ಟೋ ತಲೆಮಾರಿನಿಂದ ನೆನೆದಿರಬೇಕು."

"ನೀರು ನೋಡೋದೇ ಇಲ್ವಾ?" ಗಡಿಯಾರದವರು ಕಟ್ಟೆಯ ಮೇಲೆ ಕುಸಿದು ಕೂತರು. "ಏಳು ದಿನ, ತಾಯಿ..."

ಬಾಮೈದ ಧುಮುಗುಡುತ್ತ ಲಾರಿ ಹತ್ತಿ ಹೊರಟುಹೋದ. ಮುದುಕರನ್ನು ಕಂಡು ಆಕೆಗೆ ಅಯ್ಯೋ ಪಾಪ ಅನ್ನಿಸಿತು. ಆದರೆ ಲಾರಿ ತಿರುವು ದಾಟುತ್ತಲೇ ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಜಾಗ ಕೈತಪ್ಪಿದ ಆಘಾತಕ್ಕೆ ತಲೆ ಕೆಟ್ಟಿತೇನೋ ಎಂದು ಆಕೆಗೆ ಗಾಬರಿ. ನೀರು ಹೀರುವ ಆ ದರಿದ್ರ ಪೈಪನ್ನಾದರೂ ಮೊದಲು ಹೊರಗೆಳೆಯೋಣವೆಂದು ಜೊಂಡು ಸರಿಸಿ, ಅದರ ಬಾಯಿ ಹಿಡಿದೆತ್ತಿದಳು.

ಬಾವಿಯ ತಣ್ಣೀರು ರಪ್ಪನೆ ಆಕೆಯ ಮುಖಕ್ಕೆ ಚಿಮ್ಮಿತು.