ವಾರಿಜಾಳ ಬ್ಯಾಡ್ಜು

ಆ ಬರ್ಗರ್ ಅಂಗಡಿಯ ಕೌಂಟರಿನ ಡ್ರಾಯರಿನಲ್ಲಿ ‘ವಾರಿಜಾ’ ಎಂದು ಬರೆದ ಹಳೆಯ ಬ್ಯಾಡ್ಜೊಂದಿತ್ತು. ಹೆರಿಗೆಗೆಂದು ಕೆಲಸ ಬಿಟ್ಟವಳು ಅದನ್ನು ಅಲ್ಲೇ ಮರೆತು ಹೋಗಿದ್ದಳು.

ಅವಳು ಹೋದ ಮೇಲೆ ಬಂದ ಮ್ಯಾನೇಜರು ಅದಕ್ಕೊಂದು ಉಪಯೋಗ ಕಂಡುಹಿಡಿದ. ಸಿಟ್ಟಿನ ಗಿರಾಕಿ ಬಾಗಿಲಲ್ಲಿ ಕಂಡರೆ ಸಾಕು, ಕೌಂಟರಿನ ಹುಡುಗಿ ತನ್ನ ಬ್ಯಾಡ್ಜು ತೆಗೆದು ವಾರಿಜಾಳದ್ದನ್ನು ಸಿಕ್ಕಿಸಿಕೊಳ್ಳಬೇಕು. ಗಿರಾಕಿ ಹೆಸರು ನೋಡಿಕೊಂಡು ಬೈಯುತ್ತಾನೆ, ಮ್ಯಾನೇಜರು ಓಡಿ ಬಂದು ಕೈ ಮುಗಿಯುತ್ತಾನೆ, ದೂರು ವಾರಿಜಾಳ ಹೆಸರಿಗೆ ಹೋಗುತ್ತದೆ.

“ಕೆಲಸಾನೇ ಬಿಟ್ಟೋಳ ಮೇಲೆ ಕಂಪ್ಲೇಂಟ್ ಹೋದ್ರೆ ಯಾರಿಗೇನು ನಷ್ಟ?” ಎನ್ನುತ್ತಿದ್ದ. ವಾರಿಜಾಳನ್ನು ನೋಡಿಯೇ ಇರದ ಹೊಸ ಹುಡುಗಿಯರೂ ನಗುತ್ತಿದ್ದರು.

ಒಂದು ಮಧ್ಯಾಹ್ನ ಕಂಕುಳಲ್ಲಿ ಕೂಸೆತ್ತಿಕೊಂಡ ಹೆಂಗಸೊಬ್ಬಳು ಗಾಜಿನ ಬಾಗಿಲನ್ನು ಭುಜದಿಂದ ನೂಕಿಕೊಂಡು ಒಳಗೆ ಬಂದಳು. ಅವಳ ಸಿಟ್ಟಿನ ಮುಖ ನೋಡಿದ್ದೇ ತಡ, ಕೌಂಟರಿನ ಹುಡುಗಿ ಕೆಳಗೆ ಬಗ್ಗಿ ಬ್ಯಾಡ್ಜು ಬದಲಿಸಿಕೊಂಡಳು.

“ಏನು ಕೊಡ್ಲಿ ಮೇಡಂ?”

“ಏನೂ ಬೇಡ. ನಾನು ಇಲ್ಲೇ ಕೆಲಸಕ್ಕಿದ್ದೋಳು. ಈಗ ನಿಮ್ಮ ಕಂಪನಿಯ ಎಲ್ಲಾ ಅಂಗಡಿಗೂ ಅಲೆದೆ, ಯಾರೂ ಕೆಲಸ ಕೊಡ್ತಿಲ್ಲ. ಕಂಪ್ಯೂಟರಲ್ಲಿ ನನ್ನ ಹೆಸರು ಹೊಡೆದ್ರೆ ಬರೀ ಕಂಪ್ಲೇಂಟೇ ಬರುತ್ತಂತೆ. ನಾನಿದ್ದಾಗ ಒಬ್ಬರೂ ಒಂದು ಮಾತು ಅಂದಿರ್ಲಿಲ್ಲ. ಯಾರು ಮಾಡಿದ್ದು ಇದನ್ನ?”

ಹುಡುಗಿಯ ಕೈ ಎದೆಯ ಮೇಲಿನ ಬ್ಯಾಡ್ಜನ್ನು ಮುಚ್ಚಲು ಹೋಯಿತು. ಅಷ್ಟರಲ್ಲಿ ಹೆಂಗಸು ಅದನ್ನು ಓದಿಯಾಗಿತ್ತು. ಕೂಸು ಅಳತೊಡಗಿತು.

ಗಲಾಟೆ ಕೇಳಿ ಮ್ಯಾನೇಜರು ಒಳಗಿನಿಂದ ಓಡಿ ಬಂದ. ಎಂದಿನಂತೆ ಕೈ ಮುಗಿದ.

“ಸಾರಿ ಮೇಡಂ, ನೀವು ಬೇಜಾರು ಮಾಡ್ಕೋಬೇಡಿ. ಈ ವಾರಿಜಾಗೆ ಇನ್ನೆಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ.”