ಬೀಗ ಹಾಕಿದವರ ಹೆಸರು

ಆದಿಲಕ್ಷ್ಮಮ್ಮ ಮೈಕಿನ ಮುಂದೆ ಬಂದು ನಿಂತಾಗ ಶಿಡ್ಲಘಟ್ಟದ ಆ ಸಭಾಭವನದಲ್ಲಿ ಫ್ಯಾನುಗಳ ಸದ್ದು ಬಿಟ್ಟರೆ ಬೇರೆ ಉಸಿರಿರಲಿಲ್ಲ. ಹನ್ನೊಂದು ತಿಂಗಳು ಬಾಯಿ ಬಿಡದ ಹೆಂಗಸು. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ರಾಮಲಕ್ಷ್ಮಮ್ಮ ಬೆಂದು ಸತ್ತ ದಿನ, ಬಾಗಿಲಿಗೆ ಹೊರಗಿನಿಂದ ಬೀಗ ಜಡಿದದ್ದು ಯಾರೆಂದು ಕಿಟಕಿಯಲ್ಲಿ ಕಂಡವಳು ಇವಳೊಬ್ಬಳೇ. ಬೀಗವೇ ಇರಲಿಲ್ಲವೆಂದು ಮಾಲೀಕರ ಮನೆಯ ಮೂವರೂ ಆಣೆ ಮಾಡಿದ್ದರು. ಹೆಸರಿಲ್ಲದೆ ಕೇಸಿಲ್ಲ. ಕಾರ್ಮಿಕ ಸಂಘದವರು ಎಷ್ಟು ಗೋಗರೆದರೂ ಅವಳದು ಒಂದೇ ಮಾತು: “ಜಡ್ಜಿ ಮುಂದೇನೇ ಹೇಳ್ತೀನಿ.” ಅದಕ್ಕೇ ಈ ಸಾರ್ವಜನಿಕ ವಿಚಾರಣೆ. ಅದಕ್ಕೇ ವೇದಿಕೆಯ ಮೇಲೆ ನಿವೃತ್ತ ನ್ಯಾಯಾಧೀಶರು.

ವೇದಿಕೆಯ ಮಗ್ಗುಲಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೂತಿದ್ದ ಸಂಘಮಿತ್ರಳ ಕಿವಿಯ ಬಳಿ ಸಂಘದ ಹಾಡಿನ ತಂಡದ ಮುರಳಿಮೋಹನ್ ಬಗ್ಗಿದ.

“ಬರೀ ಮಾತು ಅಂದ್ರೆ ಜನ ಫೋನ್ ನೋಡ್ಕೊಂಡು ಕೂತ್ಕೋತಾರೆ ಕಣಮ್ಮ. ಹಿಂದ್ಗಡೆ ನಿನ್ನ ಆ ಮಂಜಿನಂಥ ಸೌಂಡು ಇರ್ಲಿ. ಗ್ಯಾಪ್ ಸಿಕ್ಕಿದ್ ಕಡೆ ಏರ್ಸು, ಮಾತು ಬಂದ್ರೆ ಇಳ್ಸು.”

“ಇವತ್ತು ಬೇಡಣ್ಣ. ಆಯಮ್ಮನ ಮಾತೇ ಸಾಕು.”

“ಏಯ್, ತೊಂಡೇಬಾವಿ ಸಭೇಲಿ ನೋಡ್ಲಿಲ್ವಾ? ಕಲ್ಲಿನಂಥೋರೂ ಅತ್ರು!”

ಅತ್ತಿದ್ದರು, ನಿಜ. ಅತ್ತು, ಚಪ್ಪಾಳೆ ತಟ್ಟಿ, ಚಿತ್ರಾನ್ನ ತಿಂದು ಮನೆಗೆ ಹೋಗಿದ್ದರು. ಯಾವ ಮಾಲೀಕನ ಕೂದಲೂ ಕೊಂಕಿರಲಿಲ್ಲ. ಆದರೆ ಆ ಚಪ್ಪಾಳೆಯ ರುಚಿ ಸಂಘಮಿತ್ರಳ ಬೆರಳುಗಳಿಗೂ ಹತ್ತಿತ್ತು. ಅವಳು ಕಿರುಬೆರಳನ್ನು ಗಿಟಾರಿನ ವಾಲ್ಯೂಮ್ ಗುಂಡಿಗೆ ಆನಿಸಿ ಅದನ್ನು ಸೊನ್ನೆಗೆ ತಿರುಗಿಸಿಟ್ಟಳು. ಸೊನ್ನೆಯಲ್ಲಿ ತಂತಿ ಮೀಟಬೇಕು, ಆಮೇಲೆ ಮೆಲ್ಲಗೆ ಗುಂಡಿ ಏರಿಸಬೇಕು. ಆಗ ತಂತಿಗೆ ಬಿದ್ದ ಏಟು ಯಾರಿಗೂ ಕೇಳಿಸುವುದಿಲ್ಲ. ಎಲ್ಲಿಂದಲೋ ಬಂದ ಹಾಗೆ ನಾದವೊಂದೇ ಉಬ್ಬಿ ಬರುತ್ತದೆ. ಕಾಲಡಿಯ ಪೆಡಲ್ ಅದನ್ನು ಹಿಡಿದು ಮತ್ತೆ ಮತ್ತೆ ಮರುಕಳಿಸುತ್ತದೆ.

“ಎಂಟ್ ಗಂಟೆಗೆ ಒಳಗ್ ಹೋದ್ವಿ ಸ್ವಾಮಿ,” ಆದಿಲಕ್ಷ್ಮಮ್ಮ ಶುರು ಮಾಡಿದಳು. ಮೈಕೇ ಬೇಡದಂಥ ಗಂಟಲು. “ರಾಮಲಕ್ಷ್ಮಿದು ನನ್ ಪಕ್ಕದ್ ಬೇಸಿನ್ನು. ಗೂಡು ಬೇಯ್ತಾ ಇತ್ತು. ಢಮ್ ಅಂತು. ಬಾಗ್ಲಿಗೆ ಓಡುದ್ಲು, ಗುದ್ದುದ್ಲು, ಅಯ್ಯೋ ದೇವುಡಾ, ಅಂಗೈ ಚರ್ಮ ಬಾಗ್ಲಿಗೇ ಅಂಟ್ಕೊಂತು. ಬೆಳಿಗ್ಗೆನೇ ಕಿಟಕೀಲಿ ನೋಡಿದ್ದೆ ನಾನು. ಬೀಗ ಹಾಕಿ, ಬೀಗದ್ಕೈ ಜೇಬಿಗೆ ಇಳ್ಸಿದ್ದು...”

ದನಿ ನಿಂತಿತು. ಗ್ಯಾಪ್. ಸಂಘಮಿತ್ರ ಕಣ್ಣು ಮುಚ್ಚಿ ತಂತಿ ಮೀಟಿ ಗುಂಡಿ ಏರಿಸಿದಳು. ನಾದ ಉಬ್ಬಿತು, ಗೋಡೆಗೆ ತಾಗಿತು, ಭವನ ತುಂಬಿ ತುಳುಕಿತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣು ತೆರೆದಾಗ ಅವಳಿಗೆ ಕಂಡದ್ದು ಆದಿಲಕ್ಷ್ಮಮ್ಮನ ತುಟಿ. ಅದು ಅಲುಗುತ್ತಿತ್ತು. ಥಟ್ಟನೆ ಗುಂಡಿಯನ್ನು ಸೊನ್ನೆಗೆ ತಿರುವಿದಳು. ಪೆಡಲ್ ನಿಲ್ಲಲಿಲ್ಲ. ಹಿಡಿದಿಟ್ಟ ನಾದವನ್ನು ಅಲೆ ಅಲೆಯಾಗಿ ಕಕ್ಕುತ್ತಲೇ ಇತ್ತು. ಅದು ಅಡಗುವಷ್ಟರಲ್ಲಿ ತುಟಿ ಮುಚ್ಚಿತ್ತು.

ಸಂಘಮಿತ್ರಳ ಅಮ್ಮನೂ ಅಂಥದೇ ಹಬೆಯಲ್ಲಿ ಬೆರಳು ಬೇಯಿಸಿಕೊಂಡವಳು. ಯಂತ್ರದ ಗದ್ದಲದಲ್ಲಿ ಆ ಹೆಂಗಸರು ಹೆರಿಗೆ, ಜಗಳ, ಗಂಡನ ಕುಡಿತ, ಎಲ್ಲವನ್ನೂ ಕೂಗಿಯೇ ಹೇಳುತ್ತಾರೆ. ಮಾಲೀಕರ ಮನೆಯವರ ಹೆಸರನ್ನು ಮಾತ್ರ ಕತ್ತು ತಗ್ಗಿಸಿ ತುಟಿಯಲ್ಲೇ ಆಡುತ್ತಾರೆ. ತೊಟ್ಟಿಲಿನಿಂದ ಅದನ್ನು ಕಂಡು ಬೆಳೆದವಳು, ಇವತ್ತು ಅದನ್ನೇ ಗ್ಯಾಪ್ ಅಂದುಕೊಂಡಿದ್ದಳು.

ಚಪ್ಪಾಳೆ ಬಿತ್ತು. ನ್ಯಾಯಾಧೀಶರು ಕೈಯೆತ್ತಿ ನಿಲ್ಲಿಸಿದರು.

“ಯಾರಮ್ಮ ಅದು? ಕೇಳಿಸಲಿಲ್ಲ.”

“ಹೇಳಿದ್ನಲ್ಲ ಸ್ವಾಮಿ.”

ಮುರಳಿಮೋಹನ್ ತನ್ನ ಫೋನಿನ ರೆಕಾರ್ಡಿಂಗ್ ಹಾಕಿ ಕೇಳಿಸಿದ. ಅದರಲ್ಲೂ ಗಿಟಾರೇ. ಬಲು ಇಂಪಾಗಿತ್ತು.

“ಇನ್ನೊಂದು ಸಲ ಹೇಳಿಬಿಡಮ್ಮ.”

ಎರಡನೇ ಸಾಲಿನಲ್ಲಿ ಕಾರ್ಖಾನೆಯ ಲೆಕ್ಕ ಬರೆಯುವ ರೈಟರ್ ಗಂಗುಲಪ್ಪ ಎದ್ದು ನಿಂತ. ಫೋನ್ ಕ್ಯಾಮೆರಾವನ್ನು ಅವಳ ಮುಖಕ್ಕೇ ಹಿಡಿದಿದ್ದ. “ಹೇಳಮ್ಮ ಆದಿಲಕ್ಷ್ಮಮ್ಮ, ನಾವೂ ಕೇಳ್ಬೇಕಲ್ಲ. ನಾಳೆ ನಿನ್ ಮಗಳು ಹರಿತಾ ಕೆಲಸಕ್ಕೆ ಬರ್ತಾಳ್ ತಾನೇ?” ಎಂದು ನಕ್ಕ. ಅಷ್ಟು ಜನರಲ್ಲಿ ಒಬ್ಬರಾದರೂ ಅವನನ್ನು ಕೂರು ಎನ್ನಲಿಲ್ಲ.

ಆದಿಲಕ್ಷ್ಮಮ್ಮ ಬಿಳುಚಿದ ತನ್ನ ಬೆರಳುಗಳನ್ನೇ ನೋಡುತ್ತ ನಿಂತಳು.

“ಹಬೆ ಇತ್ತು ಸ್ವಾಮಿ. ಸರ್‍ಯಾಗಿ ಕಾಣಿಸ್ಲಿಲ್ಲ.”

ಸಂಘಮಿತ್ರ ಗಿಟಾರನ್ನು ನೆಲಕ್ಕೆ ಹಾಕಿ ಹೊರಗೋಡಿದಳು. ಅಷ್ಟರಲ್ಲಾಗಲೇ ಮೈಕು ಬಿಟ್ಟು ಬಸ್ಸಿನ ಕಡೆ ಹೊರಟಿದ್ದ ಆದಿಲಕ್ಷ್ಮಮ್ಮನ ಕೈ ಹಿಡಿದುಕೊಂಡು ಗೋಳೋ ಎಂದಳು. “ತಪ್ಪಾಯ್ತು ದೊಡ್ಡಮ್ಮ. ಒಳಗೆ ಬಾ. ಆಗಲ್ಲ ಅಂದ್ರೆ ನನ್ ಕಿವೀಲಾದ್ರೂ ಹೇಳು, ನಾನೇ ಕೂಗಿ ಹೇಳ್ತೀನಿ.”

ಆದಿಲಕ್ಷ್ಮಮ್ಮ ಬೈಯಲಿಲ್ಲ. ಹುಡುಗಿಯ ಕೆನ್ನೆ ಒರೆಸಿ, ಕೈ ಬಿಡಿಸಿಕೊಂಡಳು.

“ಒಂದ್ಸಲ ಹೇಳೋವಷ್ಟೇ ಧೈರ್ಯ ಇತ್ತಮ್ಮ ನನ್ ಹತ್ರ. ಹೇಳಾಯ್ತು.”